ಊರಿನ ಹೆಸರಿನ ಜಾಡು ಹಿಡಿಯುವ ಬಗೆ: ಮಂಗಳೂರಿನಿಂದ ಮಡಿಕೇರಿಯವರೆಗೆ

ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ದೇವಸ್ಥಾನದ ಜೀರ್ಣೋದ್ಧಾರದ ಪುಸ್ತಕ, ಒಕ್ಕದ (ಕೊಡವ ಮನೆತನದ) ಚರಿತ್ರೆ. ಕೊಡಗಿನಲ್ಲಿ ಇಂಥ ಯಾವುದನ್ನು ತೆರೆದರೂ ‘ನಮ್ಮೂರಿಗೆ ಈ ಹೆಸರು ಹೇಗೆ ಬಂತು’ ಎಂಬ ಒಂದು ಪುಟ ಸಿಗುತ್ತದೆ. ಆ ಪುಟದಲ್ಲಿ ಬಹುಮಟ್ಟಿಗೆ ಒಂದೇ ಕಥೆ ಇರುತ್ತದೆ. ಕಥೆಗೆ ಇಸವಿ ಇರುವುದಿಲ್ಲ, ಯಾರು ಹೇಳಿದ್ದೆಂದೂ ಇರುವುದಿಲ್ಲ. ಮುಂದಿನ ಪುಸ್ತಕ ಅದನ್ನೇ ನಕಲು ಮಾಡುತ್ತದೆ. ಹತ್ತು ವರ್ಷ ಕಳೆದರೆ ಅದೇ ಇತಿಹಾಸವಾಗಿ ಕೂತುಬಿಡುತ್ತದೆ. ಆ ಪುಟವನ್ನು ಸರಿಯಾಗಿ ಬರೆಯಬೇಕೆನ್ನುವವರಿಗಾಗಿ ಈ ಕೈಪಿಡಿ.

ಅಭ್ಯಾಸಕ್ಕೆ ಮಂಗಳೂರನ್ನು ಆರಿಸಿಕೊಂಡಿದ್ದೇವೆ. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿದರೆ ಸಿಗುವ ರೇವು ಅದು. ಕೊಡಗಿನ ಕಾಫಿ ಹಡಗು ಹತ್ತುವ ಊರು, ಕೊಡಗಿನ ಹಳೆಯ ಮನೆಗಳ ಹೆಂಚು ಬಂದ ಊರು. ಹೆಸರಿನ ವಿಷಯದಲ್ಲಿ ಏನೇನು ಆಗಬಹುದೋ ಅದೆಲ್ಲವೂ ಆ ಊರಿಗೆ ಆಗಿದೆ. ಪುರಾಣಕಥೆ, ಗ್ರೀಕ್ ಬರಹ, ಅರಬ್ಬಿ ಪ್ರವಾಸಿ, ಪೋರ್ಚುಗೀಸರು, ಇಂಗ್ಲಿಷರು, ಊರೊಳಗೇ ನಾಲ್ಕು ಭಾಷೆಗಳ ನಾಲ್ಕು ಹೆಸರು, ಕೊನೆಗೆ 2014ರ ಸರ್ಕಾರಿ ಆದೇಶ. ಇದನ್ನು ಬಿಡಿಸಲು ಕಲಿತರೆ ಮಡಿಕೇರಿ, ಕುಶಾಲನಗರ, ನಿಮ್ಮ ಗ್ರಾಮ, ಯಾವುದನ್ನೂ ಬಿಡಿಸಬಹುದು.

ಮೊದಲು ಚೀಟಿ ಮಾಡಿ

ಒಂದು ಹೆಸರು ಒಂದು ಕಡೆ ಸಿಕ್ಕರೆ ಅದಕ್ಕೆ ಒಂದು ಚೀಟಿ. ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ಕಾಗದ ಸಾಕು. ಕಂಪ್ಯೂಟರಿನಲ್ಲಾದರೆ ಸ್ಪ್ರೆಡ್‌ಶೀಟಿನ ಒಂದು ಸಾಲು. ಪ್ರತಿ ಚೀಟಿಯಲ್ಲೂ ಆರು ವಿಷಯ ಇರಲೇಬೇಕು: ಹೆಸರು ಅಲ್ಲಿ ಹೇಗೆ ಬರೆದಿದೆಯೋ ಹಾಗೆಯೇ, ಯಾವ ಲಿಪಿ ಮತ್ತು ಭಾಷೆ, ಬರೆದವರು ಯಾರು, ಬರೆದ ಕಾಲ, ಯಾವ ಕಾಲದ ಸಂಗತಿಯನ್ನು ಹೇಳುತ್ತಿದ್ದಾರೆ, ನೀವು ನೋಡಿದ್ದು ಮೂಲವೋ ಅಚ್ಚಾದ ಪ್ರತಿಯೋ ಇನ್ನೊಬ್ಬರ ಉಲ್ಲೇಖವೋ.

ನಾಲ್ಕನೆಯದನ್ನೂ ಐದನೆಯದನ್ನೂ ಒಂದೇ ಮಾಡಿಕೊಳ್ಳುವುದರಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ. 1681ರಲ್ಲಿ ಮುದ್ದುರಾಜ ಮಡಿಕೇರಿಯನ್ನು ಕಟ್ಟಿದ, ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತು ಎಂದು 19ನೇ ಶತಮಾನದ ಒಂದು ಇಂಗ್ಲಿಷ್ ಪುಸ್ತಕ ಹೇಳಿದರೆ ಆ ಚೀಟಿಯ ‘ಬರೆದ ಕಾಲ’ 19ನೇ ಶತಮಾನ. 1681 ಅಲ್ಲ. ಪುಸ್ತಕ ಸುಳ್ಳು ಹೇಳುತ್ತಿದೆ ಎಂದು ಇದರ ಅರ್ಥವಲ್ಲ. ಸಾಕ್ಷಿಯ ವಯಸ್ಸು ಅಷ್ಟೇ ಎಂದು ಅರ್ಥ.

ಚೀಟಿಗಳು ಇಪ್ಪತ್ತು ಮೂವತ್ತು ಆದ ಮೇಲೆ ಮೂರು ಕಟ್ಟು ಮಾಡಿ. ಊರಿನವರು ಬಾಯಲ್ಲಿ ಕರೆಯುವ ಹೆಸರುಗಳು ಒಂದು ಕಟ್ಟು. ಶಾಸನ, ಕಾಗದ, ನಕ್ಷೆ, ಪ್ರವಾಸಿಗಳ ಬರಹದಲ್ಲಿ ಸಿಕ್ಕವು ಎರಡನೆಯದು. ಸರ್ಕಾರ ಆದೇಶ ಹೊರಡಿಸಿ ಗೊತ್ತುಮಾಡಿದವು ಮೂರನೆಯದು. ಈ ಮೂರೂ ಬೇರೆ ಬೇರೆ ವೇಗದಲ್ಲಿ ಬದಲಾಗುತ್ತವೆ. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಕೊಟ್ಟಾಗಲೇ ಗೊಂದಲ. ‘ಮಂಗಳೂರಿಗೆ ಆ ಹೆಸರು ಬಂದದ್ದು 2014ರಲ್ಲಿ’ ಎಂದು ಶಾಲಾ ಮಕ್ಕಳು ಬರೆಯುವುದನ್ನು ಕೇಳಿದ್ದೇವೆ. ಅದು ಮೂರನೇ ಕಟ್ಟಿನ ಉತ್ತರ.

ಮಂಗಳೂರಿನ ಚೀಟಿಗಳನ್ನು ಹರಡಿ ನೋಡೋಣ

ಹಳೆಯದರಿಂದ ಹೊಸದಕ್ಕೆ ಬನ್ನಿ. ಆರನೇ ಶತಮಾನದ ಮಧ್ಯದಲ್ಲಿ ಕಾಸ್ಮಸ್ ಎಂಬ ಗ್ರೀಕ್ ಬರಹಗಾರ ಮೆಣಸು ರಫ್ತಾಗುವ ‘ಮಲೆ’ ನಾಡಿನ ಐದು ರೇವುಗಳನ್ನು ಹೆಸರಿಸುತ್ತಾನೆ: ಪರ್ತಿ, ಮಂಗರೂಥ್, ಸಲೋಪಟನ, ನಲೋಪಟನ, ಪೌದೋಪಟನ. ಇದರಲ್ಲಿ ಮಂಗರೂಥ್ ಎಂದರೆ ಮಂಗಳೂರು ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಎಂಟನೇ ಶತಮಾನದ ಪಾಂಡ್ಯರ ವೇಳ್ವಿಕುಡಿ ತಾಮ್ರಪಟದಲ್ಲಿ ‘ಮಂಗಲಪುರಂ’ ಎಂಬ ಮಹಾನಗರದ ಮಾತು ಬರುತ್ತದೆ. ಅದು ನಮ್ಮ ಮಂಗಳೂರೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಚೀಟಿಯ ಮೂಲೆಯಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಇಡಿ, ಎಸೆಯಬೇಡಿ. ತುಳುನಾಡನ್ನು ಆಳಿದ ಆಳುಪ ಅರಸರ ಕಾಲಕ್ಕೆ ಮಂಗಳಾಪುರ ಅವರ ಮುಖ್ಯ ಪಟ್ಟಣಗಳಲ್ಲೊಂದು. ವಿಜಯನಗರದ ಕಾಲಕ್ಕೆ ತುಳುನಾಡನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಮಾಡಿ ಆಳುತ್ತಿದ್ದರು. ಅಲ್ಲಿಗೆ ಕನ್ನಡ ರೂಪ ನೇರವಾಗಿ ಕೈಗೆ ಸಿಕ್ಕಿತು.

14ನೇ ಶತಮಾನದ ನಲವತ್ತರ ದಶಕದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದ. ಅವನು ಬರೆದದ್ದು ಮಂಜರೂರ್. ಅಂತರ್ಜಾಲದಲ್ಲಿ ಅವನನ್ನು 11ನೇ ಶತಮಾನದವನೆಂದು ಬರೆದ ಪುಟಗಳಿವೆ. ಅವನು ಹುಟ್ಟಿದ್ದೇ 1304ರಲ್ಲಿ. ನಕಲಾಗುತ್ತಾ ಬಂದ ತಪ್ಪು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಇಸವಿಯನ್ನು ಯಾವಾಗಲೂ ಬರೆದವನ ಹುಟ್ಟುಸಾವಿನ ಜೊತೆ ತಾಳೆ ನೋಡಿ.

16ನೇ ಶತಮಾನದ ಪೋರ್ಚುಗೀಸ್ ಬರಹಗಳಲ್ಲಿ ಮಂಗಲೋರ್. ಇಂಗ್ಲಿಷರು ಅದನ್ನೇ ತೆಗೆದುಕೊಂಡು ಮ್ಯಾಂಗಲೋರ್ ಮಾಡಿದರು. ಟಿಪ್ಪು ಮತ್ತು ಈಸ್ಟ್ ಇಂಡಿಯಾ ಕಂಪನಿ ನಡುವೆ 1784ರಲ್ಲಿ ಆದ ಒಪ್ಪಂದ ಇಂದಿಗೂ ಇಂಗ್ಲಿಷ್ ಪುಸ್ತಕಗಳಲ್ಲಿ ಆ ಹೆಸರಿನಲ್ಲೇ ಇದೆ. ಕನ್ನಡದಲ್ಲಿ ಆಗ ಏನಿತ್ತು? 1843ರ ಜುಲೈ 1ರಂದು ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆಯ ಹೆಸರು ‘ಮಂಗಳೂರ ಸಮಾಚಾರ’. ಇದೇ ಮೊಗ್ಲಿಂಗ್ ಮುಂದೆ ಕೊಡಗಿಗೆ ಬಂದು ನೆಲೆಸಿದ್ದ. 2014ರಲ್ಲಿ ಏನು ಬದಲಾಯಿತು ಎಂದು ಯಾರಾದರೂ ಕೇಳಿದರೆ ಈ ಒಂದು ಚೀಟಿ ತೋರಿಸಿದರೆ ಸಾಕು. ಕನ್ನಡದವರು ಮೊದಲೂ ಮಂಗಳೂರು ಎನ್ನುತ್ತಿದ್ದರು, ಆಮೇಲೂ ಹಾಗೇ ಅಂದರು. ಬದಲಾದದ್ದು ಇಂಗ್ಲಿಷ್ ಅಕ್ಷರದ ರೂಪ.

ಇನ್ನು ಮೊದಲ ಕಟ್ಟು. ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ನೇತ್ರಾವತಿಯೂ ಗುರುಪುರ ಹೊಳೆಯೂ ಸಮುದ್ರ ಸೇರುವ ಮುನ್ನ ಕೂಡುವ ಜಾಗವಾದ್ದರಿಂದ ಕುಡ್ಲ ಎಂದು ವಿವರಿಸುವುದು ರೂಢಿ. ಮಂಗಲಾಪುರಂ ಬಿಟ್ಟರೆ ಉಳಿದವು ‘ಮಂಗಳೂರು’ ಎಂಬುದರ ಕೆಟ್ಟ ಉಚ್ಚಾರಗಳಲ್ಲ, ಬೇರೆಯೇ ಹೆಸರುಗಳು. ಒಂದೇ ಊರಿಗೆ ಎರಡು ಮೂರು ಮೂಲಗಳ ಹೆಸರು ಒಟ್ಟಿಗೆ ಬದುಕಬಹುದು. ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳ, ಕುರುಬರ ನುಡಿಗಳು, ಯರವ ನುಡಿ ಎಲ್ಲವೂ ಅಕ್ಕಪಕ್ಕದಲ್ಲಿರುವ ಕೊಡಗಿನಲ್ಲಿ ಇದನ್ನು ಮರೆಯುವಂತೆಯೇ ಇಲ್ಲ. ಎಲ್ಲವನ್ನೂ ಒಂದೇ ಮೂಲಕ್ಕೆ ಎಳೆದು ತರುವ ಬರಹ ಸಾಮಾನ್ಯವಾಗಿ ತಪ್ಪುತ್ತದೆ.

ಹೆಸರು ಒಂದೇ ಇದ್ದು ಊರು ಬೇರೆಯಾಗುವುದೂ ಉಂಟು. ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಮಾಂಗ್ರೋಲ್ ಎಂಬ ಹಳೆಯ ರೇವಿದೆ. ಪೋರ್ಚುಗೀಸರು ಅದನ್ನೂ ಮಂಗಲೋರ್ ಎಂದೇ ಬರೆದಿದ್ದಾರೆ. ಹಾಗಾಗಿ ಹಳೆಯ ನೌಕಾಬರಹದಲ್ಲಿ ಈ ಹೆಸರು ಕಂಡ ಕೂಡಲೇ ಹಿಂದಿನ, ಮುಂದಿನ ರೇವುಗಳ ಹೆಸರನ್ನು ನೋಡಿ. ಸುತ್ತ ದಿಯು, ಸೋಮನಾಥ ಇದ್ದರೆ ಅದು ನಮ್ಮದಲ್ಲ. ಕೊಡಗಿನಲ್ಲಿ ಇದೇ ಎಚ್ಚರ ಸಂಪಾಜೆಗೆ ಬೇಕು. ಗಡಿಯ ಈಚೆ ಕೊಡಗು ಸಂಪಾಜೆ, ಆಚೆ ದಕ್ಷಿಣ ಕನ್ನಡದ ಸಂಪಾಜೆ, ಎರಡೂ ಬೇರೆ ಬೇರೆ ಗ್ರಾಮ.

ಪರಕೀಯರ ಕಿವಿಗೆ ಬಿದ್ದ ಅಕ್ಷರ

ಈ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಅಂಶ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು.

ನಮ್ಮ ಡ ಮತ್ತು ಳ ಮೂರ್ಧನ್ಯ ಧ್ವನಿಗಳು. ನಾಲಗೆಯನ್ನು ಮೇಲೆ ಮಡಿಸಿ ಹೇಳುವಂಥವು. ಸ್ವರಗಳ ನಡುವೆ ಬಂದಾಗ ಡ ಇನ್ನೂ ಹಗುರವಾಗಿ, ಒಂದು ತಟ್ಟಿನಂತೆ ಕೇಳುತ್ತದೆ. ಈ ಧ್ವನಿ ಇಲ್ಲದ ಭಾಷೆಯವರಿಗೆ ಅದು ರ ಎಂದೇ ಕೇಳಿಸುತ್ತದೆ. ಕೊಡಗು ಕೂರ್ಗ್ ಆದದ್ದು ಹೀಗೆ. ಮಡಿಕೇರಿ ಮರ್ಕೆರಾ ಆದದ್ದು ಹೀಗೆ. ಕನ್ನಡ ಎಂಬುದು ಪೋರ್ಚುಗೀಸರ ಬಾಯಲ್ಲಿ ಕನರಾ ಆದದ್ದೂ ಹೀಗೆಯೇ. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಹೆಸರಿನಲ್ಲಿ ಆ ರೂಪ ಉಳಿದಿದೆ. ಮೂರು ಹೆಸರಲ್ಲೂ ಡ ಇದ್ದ ಜಾಗದಲ್ಲೇ ರ ಕೂತಿದೆ ಎಂಬುದನ್ನು ಗಮನಿಸಿ.

ಮಂಗಳೂರಿನ ಳ ಕೂಡ ಹಾಗೆಯೇ. ಗ್ರೀಕನು ಮಂಗರೂಥ್ ಎಂದ, ಅರಬ್ಬಿ ಬಲ್ಲವನು ಮಂಜರೂರ್ ಎಂದ. ಇಬ್ಬರಲ್ಲೂ ಳ ಇದ್ದ ಕಡೆ ರ. ಪೋರ್ಚುಗೀಸರು ಮಾತ್ರ ಲ ಎಂದು ಬರೆದರು. ಮಂಜರೂರ್‌ನಲ್ಲಿ ಗ ಹೋಗಿ ಜ ಬಂದದ್ದಕ್ಕೂ ಕಾರಣ ಸರಳ. ಶಿಷ್ಟ ಅರಬ್ಬಿ ಲಿಪಿಯಲ್ಲಿ ಗಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಹೊರನಾಡಿನ ಗಕಾರವನ್ನು ಹಲವು ಸಲ ಜಕಾರದ ಅಕ್ಷರದಿಂದ ಬರೆಯುತ್ತಾರೆ. ಹೆಸರಿನ ಕೊನೆಯ ‘ಊರು’ ಇಂಗ್ಲಿಷಿನಲ್ಲಿ ‘ಓರ್’ ಆಗುವುದು ಮೈಸೂರು, ಬೆಂಗಳೂರು, ಮಂಗಳೂರು ಮೂರರಲ್ಲೂ ಕಾಣುತ್ತದೆ.

ನಿಮ್ಮ ಗ್ರಾಮದ ಹಳೆಯ ಇಂಗ್ಲಿಷ್ ರೂಪ ಸಿಕ್ಕಾಗ ಇದನ್ನು ಹಿಂದಕ್ಕೆ ಓಡಿಸಿ ನೋಡಿ. ಇಂಗ್ಲಿಷಿನ ಪ್ರತಿ ರ ಎದುರು ಮೂರು ಸಾಧ್ಯತೆ ಬರೆಯಿರಿ: ರ, ಡ, ಳ. ಪ್ರತಿ ತ ಎದುರು ತ, ಟ. ಪ್ರತಿ ನ ಎದುರು ನ, ಣ. ಆಮೇಲೆ ಯಾವ ಜೋಡಣೆ ಈಗಿನ ಬಾಯಿಮಾತಿಗೆ ಹೊಂದುತ್ತದೆಯೋ ಅದನ್ನು ಇಟ್ಟುಕೊಳ್ಳಿ. ಹೀಗೆ ಮಾಡದೆ ಇಂಗ್ಲಿಷ್ ಕಾಗುಣಿತವನ್ನೇ ನೇರ ಕನ್ನಡಕ್ಕೆ ತಂದು ಅದರ ಮೇಲೆ ಅರ್ಥ ಕಟ್ಟಿದರೆ ಇಲ್ಲದ ಪದಕ್ಕೆ ಕಥೆ ಹುಟ್ಟುತ್ತದೆ.

ಕನ್ನಡ ಲಿಪಿಯೂ ಎಲ್ಲವನ್ನೂ ಹಿಡಿಯುವುದಿಲ್ಲ. ಕೊಡವ ತಕ್ಕಿನಲ್ಲಿ ನಾಲಗೆಯ ನಡುಭಾಗದಿಂದ ಹುಟ್ಟುವ ಸ್ವರಗಳಿವೆ. ಅವಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಬರೆಯುವವರು ಒಬ್ಬರು ಇಕಾರ, ಇನ್ನೊಬ್ಬರು ಉಕಾರ, ಮತ್ತೊಬ್ಬರು ಅರ್ಧಾಕ್ಷರ ಹಾಕುತ್ತಾರೆ. ಪಹಣಿಯಲ್ಲಿ ಒಂದು, ಬಸ್ಸಿನ ಬೋರ್ಡಿನಲ್ಲಿ ಇನ್ನೊಂದು ಇರುವುದಕ್ಕೆ ಹಲವೆಡೆ ಇದೇ ಕಾರಣ. ಆದ್ದರಿಂದ ಬಾಯಿಮಾತಿನ ಹೆಸರನ್ನು ಬರೆದುಕೊಳ್ಳುವುದರ ಜೊತೆಗೆ ಫೋನಿನಲ್ಲಿ ಧ್ವನಿ ಮುದ್ರಿಸಿಡಿ.

ಕಥೆಯನ್ನು ತೂಗುವ ಕ್ರಮ

ಬೋಳಾರದ ಮಂಗಳಾದೇವಿಯಿಂದ ಮಂಗಳೂರು ಎಂದು ಎಲ್ಲರೂ ನಂಬುತ್ತಾರೆ. ಸ್ಥಳಪುರಾಣದ ಪ್ರಕಾರ ಮಲಬಾರಿನ ರಾಜಕುಮಾರಿಯೊಬ್ಬಳು ನಾಥಪಂಥ ಸೇರಿ ಮತ್ಸ್ಯೇಂದ್ರನಾಥರಿಂದ ಮಂಗಳಾದೇವಿ ಎಂಬ ಹೆಸರು ಪಡೆದಳು, ಬೋಳಾರದಲ್ಲಿ ದೇಹಬಿಟ್ಟಳು, ಆಳುಪ ಅರಸ ಕುಂದವರ್ಮ ಅಲ್ಲಿ ಗುಡಿ ಕಟ್ಟಿಸಿದ. ಕುಂದವರ್ಮನ ಕಾಲ ನಮಗೆ ಬೇರೆ ಕಡೆಯಿಂದ ಗೊತ್ತು. ಕದ್ರಿ ದೇವಸ್ಥಾನದ ಲೋಕೇಶ್ವರ ಕಂಚಿನ ಪ್ರತಿಮೆಯ ಪೀಠದ ಶಾಸನ ಅವನದು, ಅದರ ಕಾಲ 968. ಕಾಸ್ಮಸ್ ಬರೆದದ್ದು ಅದಕ್ಕಿಂತ ನಾನೂರು ವರ್ಷ ಮೊದಲು. ಮಂಗರೂಥ್ ಎಂದರೆ ಮಂಗಳೂರು ಎಂದು ಒಪ್ಪಿದರೆ ಹೆಸರು ಕುಂದವರ್ಮನಿಗಿಂತ ಹಳೆಯದು ಎಂದಾಯಿತು. ಇದರಿಂದ ದೇವಿಯ ಮಹಿಮೆಗೆ ಕುಂದಿಲ್ಲ, ಗುಡಿಯ ಪ್ರಾಚೀನತೆಗೂ ಕುಂದಿಲ್ಲ. ಕಥೆ ಗುಡಿಯ ಬಗ್ಗೆ ಹೇಳುತ್ತಿದೆ, ಊರಿನ ಹೆಸರು ಅದಕ್ಕೂ ಮುನ್ನವೇ ಇದ್ದಿರಬಹುದು. ಪುಸ್ತಕದಲ್ಲಿ ‘ಸ್ಥಳಪುರಾಣ ಹೀಗೆ ಹೇಳುತ್ತದೆ’ ಎಂದು ಒಂದು ಪ್ಯಾರಾ, ‘ದಾಖಲೆಗಳು ಹೀಗಿವೆ’ ಎಂದು ಇನ್ನೊಂದು ಪ್ಯಾರಾ ಬರೆಯಿರಿ. ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆಯಬೇಡಿ.

ಕುಶಾಲನಗರ ಇನ್ನೂ ಸ್ಪಷ್ಟವಾದ ಪಾಠ. ಹೈದರಾಲಿ ಇಲ್ಲಿ ಬೀಡುಬಿಟ್ಟಿದ್ದಾಗ ಮಗ ಟಿಪ್ಪು ಹುಟ್ಟಿದ ಸುದ್ದಿ ಬಂತು, ಖುಷಿಯಿಂದ ಕುಶಾಲನಗರ ಎಂದು ಹೆಸರಿಟ್ಟ ಎಂಬುದು ಜನಪ್ರಿಯ ಕಥೆ. ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ದೇವನಹಳ್ಳಿಯಲ್ಲಿ. ಹೈದರ್ ಕೊಡಗಿನ ಕಡೆ ಬಂದದ್ದು 1760ರ ದಶಕದಲ್ಲಿ. ಹತ್ತು ವರ್ಷ ತಡವಾಗಿ ಜನನದ ಸುದ್ದಿ ಬರುವುದಿಲ್ಲ. 1834ರಲ್ಲಿ ಇಂಗ್ಲಿಷರು ಕೊಡಗನ್ನು ಹಿಡಿದ ಮೇಲೆ ಪೊಲಿಟಿಕಲ್ ಏಜೆಂಟ್ ಕರ್ನಲ್ ಫ್ರೇಜರನ ಹೆಸರಿನಿಂದ ಊರು ಫ್ರೇಜರ್‌ಪೇಟೆಯಾಯಿತು. ಅದಕ್ಕೆ ವ್ಯಕ್ತಿ ಇದ್ದಾನೆ, ಹುದ್ದೆ ಇದೆ, ಇಸವಿ ಇದೆ. ಹಳೆಯ ಕ್ರಯಪತ್ರಗಳಲ್ಲೂ ನಕ್ಷೆಗಳಲ್ಲೂ ಆ ಹೆಸರು ಸಿಗುತ್ತದೆ.

ಎಂಥ ಕಥೆಯೇ ಆಗಲಿ ಕೇಳಬೇಕಾದ ಪ್ರಶ್ನೆ ಎರಡು. ಕಥೆಯಲ್ಲಿರುವ ಮನುಷ್ಯ ಆ ಇಸವಿಯಲ್ಲಿ ಆ ಜಾಗದಲ್ಲಿ ಇರಲು ಸಾಧ್ಯವಿತ್ತೇ? ಅವನಿಗಿಂತ ಮುಂಚಿನ ಬರಹದಲ್ಲಿ ಹೆಸರು ಇದೆಯೇ? ವಿರಾಜಪೇಟೆ ಎರಡರಲ್ಲೂ ಗೆಲ್ಲುತ್ತದೆ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಪೇಟೆ ಅದು, ವೀರರಾಜೇಂದ್ರಪೇಟೆ ಎಂಬ ಪೂರ್ಣರೂಪವೂ ಬಳಕೆಯಲ್ಲಿತ್ತು. ಸೋಮವಾರಪೇಟೆ, ಶನಿವಾರಸಂತೆಗಳಲ್ಲಿ ಸಂತೆಯ ವಾರವೇ ಹೆಸರಾಗಿ ನಿಂತಿದೆ, ಹೆಚ್ಚು ಹುಡುಕುವ ಅಗತ್ಯವಿಲ್ಲ. ಮುದ್ದುರಾಜನ ಕೇರಿಯ ವಿಷಯದಲ್ಲಿ ಅರಸನೂ ಇಸವಿಯೂ ಸರಿ ಹೊಂದುತ್ತವೆ. 1681ಕ್ಕಿಂತ ಹಿಂದಿನ ಬರಹದಲ್ಲಿ ಮಡಿಕೇರಿ ಎಂಬ ಹೆಸರು ಇದೆಯೇ ಎಂದು ನೋಡುವುದಷ್ಟೇ ಬರೆಯುವವರ ಕೆಲಸ.

ಟಿಪ್ಪು ಮಡಿಕೇರಿಗೆ ಜಾಫರಾಬಾದ್ ಎಂದು ಹೆಸರಿಟ್ಟಿದ್ದ. ಆದೇಶದ ಹೆಸರು ಆಡಳಿತದ ಜೊತೆ ಬಂತು, ಆಡಳಿತದ ಜೊತೆ ಹೋಯಿತು. ಇದಕ್ಕೂ ಒಂದು ಚೀಟಿ ಮಾಡಿ ಮೂರನೇ ಕಟ್ಟಿಗೆ ಸೇರಿಸಿ. ಇಷ್ಟವಿಲ್ಲದ ಹೆಸರನ್ನು ಬಿಟ್ಟು ಬರೆದ ಚರಿತ್ರೆಯಲ್ಲಿ ಆ ಕಾಲದ ಪತ್ರ ಓದಲು ಬಂದವನಿಗೆ ಊರೇ ಸಿಗುವುದಿಲ್ಲ.

ಕೊಡಗಿನ ಊರಿಗೆ ಬರಹ ಎಲ್ಲಿ ಸಿಗುತ್ತದೆ

ಶಾಸನಗಳಿಂದ ಶುರುಮಾಡಿ. ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವಾಗಿ ಹೊರತಂದರು, 1914ರಲ್ಲಿ ಪರಿಷ್ಕರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯೂ ಇದೆ. ಸಾಧ್ಯವಾದರೆ ಅದನ್ನು ನೋಡಿ, ಪಾಠಗಳು ಹೆಚ್ಚು ಪೂರ್ಣವಾಗಿವೆ. ಕೊನೆಯ ಸೂಚಿಯಲ್ಲಿ ಊರಿನ ಹೆಸರು ಹುಡುಕುವುದರ ಜೊತೆಗೆ ಶಾಸನ ಇರುವ ಊರು ಬೇರೆ, ಶಾಸನ ಹೇಳುವ ಊರು ಬೇರೆ ಇರಬಹುದೆಂದು ನೆನಪಿಡಿ.

ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ಬಿಳಿಯೂರು ಶಾಸನದ ಶಕ 809ಕ್ಕೆ 887. ಪೆಗ್ಗೂರು ಶಾಸನದ ಶಕ 899ಕ್ಕೆ ಕೆಲವರು 977 ಎಂದೂ ಕೆಲವರು 978 ಎಂದೂ ಬರೆಯುತ್ತಾರೆ. ಶಕವರ್ಷ ಯುಗಾದಿಗೆ ಶುರುವಾಗಿ ಮುಂದಿನ ಇಸವಿಯೊಳಗೆ ಮುಗಿಯುವುದರಿಂದ ಪುಷ್ಯ, ಮಾಘ, ಫಾಲ್ಗುಣಗಳ ತಿಥಿಗೆ ಸಾಮಾನ್ಯವಾಗಿ 79 ಕೂಡಿಸಬೇಕಾಗುತ್ತದೆ. ಕಲಿವರ್ಷ ಸಿಕ್ಕರೆ 3101 ಕಳೆಯಿರಿ. ಸಂವತ್ಸರದ ಹೆಸರು ಕೊಟ್ಟಿದ್ದರೆ ಅದನ್ನೂ ತಾಳೆ ನೋಡಿ. ಎರಡೂ ಹೊಂದದಿದ್ದರೆ ಓದಿದವರು ಅಂಕಿಯನ್ನು ತಪ್ಪು ಓದಿರಬಹುದು.

ನಕ್ಷೆಗಳು ಎರಡು ಬಗೆ. ಸರ್ವೆ ಆಫ್ ಇಂಡಿಯಾದ ಹಳೆಯ ಸ್ಥಳನಕ್ಷೆಯಲ್ಲಿ ಮಡಿಕೇರಿ, ವಿರಾಜಪೇಟೆ ಕಡೆ 48 ಪಿ ಹಾಳೆಗಳಲ್ಲಿ ಬರುತ್ತದೆ. 76 ಡಿಗ್ರಿ ರೇಖಾಂಶ ದಾಟಿದ ಪೂರ್ವದ ಅಂಚು 57 ಡಿ. ಮಂಗಳೂರಿಗೆ 48 ಎಲ್. ನಂಬರ್ ತಿಳಿದರೆ ಗ್ರಂಥಾಲಯದಲ್ಲಿ ಕೇಳುವುದು ಸುಲಭ. ಬೇರೆ ಬೇರೆ ವರ್ಷದ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟರೆ ಕಾಗುಣಿತ ಬದಲಾದ ದಶಕ ಗೊತ್ತಾಗುತ್ತದೆ. ಎರಡನೆಯದು ಭೂಮಾಪನ ಇಲಾಖೆಯ ಗ್ರಾಮ ನಕ್ಷೆ. ಹೊಳೆ, ದೇವಕಾಡು, ಗಡಿಕಲ್ಲು, ಪೈಸಾರಿ (ಸರ್ಕಾರಿ ಪಾಳು ಜಮೀನು), ಬಾಣೆ (ಗದ್ದೆಗೆ ಸೇರಿದ ಮೇಲಿನ ಜಮೀನು) ಅದರಲ್ಲಿ ಕಾಣುತ್ತವೆ. ಗ್ರಾಮದ ಹೆಸರಿಗಿಂತ ಮಂದ್ (ಊರವರು ಸೇರುವ ಬಯಲು), ಕೈಮಡ (ಹಿರಿಯರ ಗುಡಿ), ಗದ್ದೆಬಯಲು, ತಿಟ್ಟು ಇವುಗಳ ಹೆಸರು ಹೆಚ್ಚು ಹಳೆಯದಾಗಿ ಉಳಿದಿರುವುದು ಅಪರೂಪವಲ್ಲ. ಇವನ್ನೂ ಚೀಟಿಗೆ ಇಳಿಸಿ. ಹೊರಗಿನವರು ತೋಟ ಕೊಂಡು ಹೊಸ ಎಸ್ಟೇಟ್ ಹೆಸರಿಟ್ಟ ಕಡೆ ಇವು ಬೇಗ ಮರೆಯಾಗುತ್ತಿವೆ. ಒಂದು ತಲೆಮಾರು ಹೋದರೆ ಕೇಳಲು ಯಾರೂ ಇರುವುದಿಲ್ಲ.

ಕಾಗದ ಹುಡುಕುವಾಗ ಕೊಡಗಿನವರು ದಾರಿತಪ್ಪುವ ಜಾಗ ಒಂದಿದೆ. 1834ರವರೆಗೆ ಅಮರಸುಳ್ಯ ಸೀಮೆ ಕೊಡಗಿನ ಅರಸರದು. ಆ ವರ್ಷ ಇಂಗ್ಲಿಷರು ಅದನ್ನು ಬೇರ್ಪಡಿಸಿ ಮದ್ರಾಸು ಪ್ರಾಂತ್ಯದ ಕೆನರಾ ಜಿಲ್ಲೆಗೆ ಸೇರಿಸಿದರು. ಹಾಗಾಗಿ ಘಾಟಿಯ ಕೆಳಗಿನ ಊರುಗಳಿಗೆ ಆ ಇಸವಿಯ ಹಿಂದಿನದನ್ನು ಕೊಡಗಿನ ಕಡೆಯ ದಾಖಲೆಗಳಲ್ಲಿ, ಆಮೇಲಿನದನ್ನು ಚೆನ್ನೈನ ತಮಿಳುನಾಡು ಪತ್ರಾಗಾರದ ದಕ್ಷಿಣ ಕೆನರಾ ದಾಖಲೆಗಳಲ್ಲಿ ನೋಡಬೇಕು. ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರುವವರೆಗೆ ಪ್ರತ್ಯೇಕ ಆಡಳಿತವಾಗಿತ್ತು. ಅಲ್ಲಿಯವರೆಗಿನ ಗೆಜೆಟಿಯರ್, ಜನಗಣತಿ ವರದಿಗಳನ್ನು ಕೂರ್ಗ್ ಎಂಬ ಹೆಸರಿನಡಿ ಹುಡುಕಿ. ಮೈಸೂರು ಎಂದಷ್ಟೇ ಹುಡುಕಿದರೆ ಬಹುಪಾಲು ಸಿಗುವುದಿಲ್ಲ. ಆಮೇಲಿನದಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ.

ಮನೆಯ ಅಟ್ಟವನ್ನೂ ಬಿಡಬೇಡಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಎಲ್ಲೆಡೆ ಹರಡಿತು. ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರೂ ಊರಿನ ಹೆಸರೂ ಅಚ್ಚಾಗಿರುತ್ತವೆ. ಇಸವಿಯೂ ಇದ್ದರೆ ಅದು ಕಾಲ ನಮೂದಾದ ಸಾಕ್ಷಿ. ಫೋಟೊ ತೆಗೆಯುವಾಗ ಬೆಳಕನ್ನು ಪಕ್ಕದಿಂದ ಬೀಳಿಸಿ, ನೇರ ಫ್ಲ್ಯಾಶ್ ಹಾಕಿದರೆ ಉಬ್ಬಕ್ಷರ ಕಾಣುವುದಿಲ್ಲ.

ಹಿರಿಯರನ್ನು ಕೇಳುವಾಗ

ಅವರ ಮನೆಮಾತಿನಲ್ಲೇ ಕೇಳಿ. ಕನ್ನಡದಲ್ಲಿ ಕೇಳಿದರೆ ಕನ್ನಡದ ಹೆಸರು ಹೇಳುತ್ತಾರೆ, ಮನೆಯೊಳಗಿನದು ಹೊರಗೆ ಬರುವುದಿಲ್ಲ. ‘ಈ ಹೆಸರು ಹೊಳೆಯಿಂದ ಬಂದದ್ದಲ್ಲವೇ’ ಎಂದು ಉತ್ತರ ತುರುಕಬೇಡಿ, ಗೌರವಕ್ಕೆ ‘ಹೌದು’ ಎಂದುಬಿಡುತ್ತಾರೆ. ‘ನಿಮ್ಮ ಅಜ್ಜಿ ಈ ಜಾಗಕ್ಕೆ ಏನೆನ್ನುತ್ತಿದ್ದರು, ಸಂತೆಗೆ ಹೋಗುವಾಗ ಯಾವ ಊರಿಗೆ ಹೋಗುತ್ತೇನೆ ಎನ್ನುತ್ತಿದ್ದರು’ ಎಂದು ಕೇಳಿ. ಅರ್ಥವನ್ನು ಕೊನೆಗೆ ಕೇಳಿ. ಒಂದೇ ಕುಟುಂಬದ ಮೂವರು ಹೇಳಿದರೆ ಅದು ಒಂದೇ ಸಾಕ್ಷಿ. ಬೇರೆ ಸಮುದಾಯದ, ಬೇರೆ ಭಾಷೆಯ ಮನೆಯಲ್ಲಿ ಅದೇ ಸಿಕ್ಕರೆ ತೂಕ ಹೆಚ್ಚು. ಹಾಡಿಗಳಲ್ಲಿರುವ (ಆದಿವಾಸಿಗಳ ಪುಟ್ಟ ಊರುಗಳಲ್ಲಿರುವ) ಹಿರಿಯರನ್ನು ಬಹುತೇಕ ಬರಹಗಾರರು ಕೇಳುವುದೇ ಇಲ್ಲ. ಕಾಡಿನ ಅಂಚಿನ ಜಾಗಗಳ ಹೆಸರು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ. ಸಮ್ಮತಿ ಪಡೆದು ಮುದ್ರಿಸಿ, ಪುಸ್ತಕದಲ್ಲಿ ಹೆಸರು ಹಾಕಬಹುದೇ ಎಂದು ಕೇಳಿಕೊಳ್ಳಿ.

ಸರ್ಕಾರದ ಹೆಸರು ಬದಲಾಗುವ ದಾರಿ

ಊರಿನ ಹೆಸರನ್ನೋ ಕಾಗುಣಿತವನ್ನೋ ತಿದ್ದಿಸಬೇಕೆನ್ನುವ ಗ್ರಾಮಗಳಿಗೆ ಮಂಗಳೂರಿನ ದಾರಿ ತಿಳಿದಿರಲಿ. ಯು. ಆರ್. ಅನಂತಮೂರ್ತಿಯವರ ಸಲಹೆಯ ಮೇರೆಗೆ ಸುವರ್ಣ ಕರ್ನಾಟಕದ ಹೊತ್ತಿನಲ್ಲಿ, ಅಂದರೆ 2006ರ ಸುಮಾರಿಗೆ, ರಾಜ್ಯ ಸರ್ಕಾರ ನಗರಗಳ ಇಂಗ್ಲಿಷ್ ರೂಪವನ್ನು ಕನ್ನಡದಂತೆ ಮಾಡಲು ಹೊರಟಿತು. ಕೇಂದ್ರದ ಒಪ್ಪಿಗೆ ಬಂದದ್ದು 2014ರ ಅಕ್ಟೋಬರಿನಲ್ಲಿ. ನವೆಂಬರ್ 1ರಿಂದ ಜಾರಿ. ಒಟ್ಟು 12 ನಗರ: ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ವಿಜಯಪುರ, ಬಳ್ಳಾರಿ, ಶಿವಮೊಗ್ಗ, ತುಮಕೂರು, ಹೊಸಪೇಟೆ, ಚಿಕ್ಕಮಗಳೂರು. ಕೊಡಗಿನ ಊರು ಈ ಪಟ್ಟಿಯಲ್ಲಿಲ್ಲ.

ಎಂಟು ವರ್ಷ ಏಕೆ ಬೇಕಾಯಿತು? ರಾಜ್ಯವೇ ಹೆಸರು ಬದಲಿಸಿಕೊಳ್ಳುವಂತಿಲ್ಲ. 1953ರ ಸೆಪ್ಟೆಂಬರ್ 11ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿಯಂತೆ ಪ್ರಸ್ತಾವ ದೆಹಲಿಗೆ ಹೋಗಬೇಕು. ಅಲ್ಲಿ ರೈಲ್ವೆ, ಅಂಚೆ ಇಲಾಖೆ, ಸರ್ವೆ ಆಫ್ ಇಂಡಿಯಾ ಆಕ್ಷೇಪವಿಲ್ಲ ಎನ್ನಬೇಕು. ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರದ ವಿರೋಧವೂ ಇತ್ತು. ಹಳ್ಳಿಗೂ ಇದೇ ಕ್ರಮ. ಗ್ರಾಮಸಭೆಯ ನಿರ್ಣಯ, ಪಂಚಾಯಿತಿಯ ಶಿಫಾರಸು, ತಹಶೀಲ್ದಾರ್, ಜಿಲ್ಲಾಧಿಕಾರಿ, ಕಂದಾಯ ಇಲಾಖೆ, ಅಲ್ಲಿಂದ ಗೃಹ ಸಚಿವಾಲಯ, ಮರಳಿ ಬಂದು ರಾಜ್ಯಪತ್ರದಲ್ಲಿ ಅಧಿಸೂಚನೆ.

ಅರ್ಜಿ ಬೀಳುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಅಭಿಮಾನವನ್ನೇ ಕಾರಣವಾಗಿ ಬರೆದಿರುತ್ತಾರೆ. ಸ್ಥಳೀಯ ಅಭಿಮಾನ ಅಥವಾ ಭಾಷೆಯ ಕಾರಣವೊಂದಕ್ಕೇ ಬದಲಾವಣೆ ಬೇಡ, ಚಾರಿತ್ರಿಕ ನಂಟಿರುವ ಹೆಸರನ್ನು ಆದಷ್ಟು ಮುಟ್ಟಬಾರದು ಎಂದು ಮಾರ್ಗಸೂಚಿ ಹೇಳುತ್ತದೆ. ಎರಡನೆಯದು, ಹೊಸ ಹೆಸರಿನ ಇನ್ನೊಂದು ಊರು ಆಗಲೇ ಇದ್ದು ಗೊಂದಲವಾಗುವಂತಿರುತ್ತದೆ. ಮೂರನೆಯದು, ಇಂಗ್ಲಿಷ್, ಕನ್ನಡ, ಹಿಂದಿ ಮೂರೂ ಲಿಪಿಯ ಖಚಿತ ಕಾಗುಣಿತವನ್ನು ಕೊಟ್ಟಿರುವುದಿಲ್ಲ, ಒಂದು ಕಚೇರಿ ಒಂದು ಬರೆಯುತ್ತದೆ, ಇನ್ನೊಂದು ಇನ್ನೊಂದು. ನಿಮ್ಮ ಚೀಟಿಗಳ ಕಟ್ಟು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಳೆಯ ಶಾಸನ, ನಕ್ಷೆ, ಪಹಣಿಗಳ ಪ್ರತಿಯನ್ನು ಕಾಲಾನುಕ್ರಮದಲ್ಲಿ ಲಗತ್ತಿಸಿ.

ಬದಲಾದ ಮೇಲೆ ದಾಖಲೆಗಳ ಪಾಡು

ನಗರದ ಹೆಸರು ಬದಲಾದರೆ ಅದರ ಹೆಸರು ಹೊತ್ತ ಎಲ್ಲ ಸಂಸ್ಥೆಗಳ ಹೆಸರು ತಾನಾಗಿ ಬದಲಾಗುವುದಿಲ್ಲ. ಪಣಂಬೂರಿನ ಬಂದರು ಪ್ರಾಧಿಕಾರ ಇಂಗ್ಲಿಷಿನಲ್ಲಿ ಇನ್ನೂ ನ್ಯೂ ಮ್ಯಾಂಗಲೋರ್. ಕೊಡಗಿನ ಎಷ್ಟೋ ಪದವೀಧರರ ಅಂಕಪಟ್ಟಿ ಕೊಟ್ಟ ವಿಶ್ವವಿದ್ಯಾನಿಲಯವೂ ಇಂಗ್ಲಿಷಿನಲ್ಲಿ ಹಳೆಯ ಕಾಗುಣಿತವನ್ನೇ ಉಳಿಸಿಕೊಂಡಿದೆ. ಅರ್ಜಿ ತುಂಬುವಾಗ ಸಂಸ್ಥೆಯ ಹೆಸರನ್ನು ಪ್ರಮಾಣಪತ್ರದಲ್ಲಿ ಇರುವಂತೆಯೇ, ಊರಿನ ಹೆಸರನ್ನು ಈಗಿನಂತೆ ಬರೆಯಿರಿ. ರಫ್ತಿನ ಕಾಗದಗಳಲ್ಲಿ ಹೆಸರಿಗಿಂತ ಸಂಕೇತ ಮುಖ್ಯ. ವಿಮಾನ ನಿಲ್ದಾಣದ ಐಎಕ್ಸ್‌ಇ, ಸೆಂಟ್ರಲ್ ರೈಲು ನಿಲ್ದಾಣದ ಎಂಎಕ್ಯೂ, ಹಿಂದೆ ಕಂಕನಾಡಿ ಎನಿಸಿದ್ದ ಜಂಕ್ಷನ್ನಿನ ಎಂಎಜೆಎನ್ ಯಾವುದೂ ಬದಲಾಗಿಲ್ಲ.

ಜನನ ಪ್ರಮಾಣಪತ್ರದಲ್ಲಿ ಹಳೆಯ ಇಂಗ್ಲಿಷ್ ರೂಪವಿದ್ದರೆ ತಿದ್ದಿಸಲು ಓಡಾಡುವುದು ಬೇಡ. ಯಾವ ಕಚೇರಿಯಾದರೂ ಎರಡೂ ಒಂದೇ ಊರೆಂದು ತೋರಿಸಿ ಎಂದರೆ 2014ರ ಅಧಿಸೂಚನೆಯ ಪ್ರತಿ ಕೊಡಿ. ಜಮೀನಿನ ವಿಷಯ ಬೇರೆ. ಮರ್ಕೆರಾ, ಫ್ರೇಜರ್‌ಪೇಟೆ ಎಂದಿರುವ ಹಳೆಯ ಕ್ರಯಪತ್ರಕ್ಕೆ ಈಗಿನ ಋಣಭಾರ ಪತ್ರ ತೆಗೆಸುವಾಗ ಊರಿನ ಹೆಸರನ್ನು ನಂಬಬೇಡಿ, ಸರ್ವೆ ನಂಬರ್ ಮತ್ತು ಚೆಕ್ಕುಬಂದಿಯಿಂದ ಹುಡುಕಿ. ಕುಶಾಲನಗರ, ಪೊನ್ನಂಪೇಟೆ ಹೊಸ ತಾಲ್ಲೂಕುಗಳಾದ ಮೇಲೆ ಗ್ರಾಮ ಯಾವ ತಾಲ್ಲೂಕಿನ ಪಟ್ಟಿಯಲ್ಲಿದೆ ಎಂದೂ ನೋಡಿಕೊಳ್ಳಬೇಕು. ಹಳೆಯ ಪತ್ರದಲ್ಲಿ ಅದು ಸೋಮವಾರಪೇಟೆಯಲ್ಲೋ ವಿರಾಜಪೇಟೆಯಲ್ಲೋ ಇರುತ್ತದೆ.

ನಿಮ್ಮ ಪುಸ್ತಕದ ಕೊನೆಯಲ್ಲಿ ಹೆಸರುಗಳ ಸೂಚಿ ಹಾಕಿ. ಈಗಿನ ಹೆಸರಿನ ಎದುರು ಸಿಕ್ಕ ಎಲ್ಲ ರೂಪಗಳನ್ನೂ ಅವುಗಳ ಇಸವಿಯನ್ನೂ ಕೊಡಿ. ಮಡಿಕೇರಿ ಎಂದು ಹುಡುಕುವವರಿಗೂ ಮರ್ಕೆರಾ ಎಂದು ಹುಡುಕುವವರಿಗೂ ಅದೇ ಪುಟ ಸಿಗುವಂತಿರಲಿ. ಚೀಟಿಗಳ ಮತ್ತು ಧ್ವನಿಮುದ್ರಣಗಳ ಒಂದು ಪ್ರತಿಯನ್ನು ಊರಿನ ಶಾಲೆಗೂ ಇನ್ನೊಂದನ್ನು ಗ್ರಂಥಾಲಯಕ್ಕೂ ಕೊಡಿ.